ಲೆಕ್ಕಕ್ಕೆ ಬಾರದ ಗುಳಿಗೆ

ಹೋದ ವರ್ಷ ಅಪ್ಪನ ತೇರಿನ ದಿನ ನಾನು ಹೊರಗಾಗಲಿಲ್ಲ. ನಮ್ಮ ಮನೆಯಲ್ಲಿ ಅದು ಖುಷಿಯ ಸುದ್ದಿ. ಅಪ್ಪ ಅಂದರೆ ನಮ್ಮ ಕಲಬುರಗಿಯ ಶರಣಬಸವೇಶ್ವರ, ಹೋಳಿ ಹುಣ್ಣಿಮೆ ಕಳೆದ ಐದನೇ ದಿನಕ್ಕೆ ಅವನ ಗುಡಿಯ ತೇರು. ಮದುವೆಯಾದ ಐದು ವರ್ಷದಲ್ಲಿ ಮೂರು ಸಲ ನನ್ನ ತಾರೀಖು ಸರಿಯಾಗಿ ಜಾತ್ರೆಗೇ ಬಂದು ಕೂತಿತ್ತು. ಮೂರೂ ಸಲ ಮುಟ್ಟು ಮುಂದೂಡುವ ಗುಳಿಗೆ ನುಂಗಿ, ತಲೆನೋವು ಹೊತ್ತುಕೊಂಡೇ ತೇರಿಗೆ ಉತ್ತತ್ತಿ ಎಸೆದು ಬಂದಿದ್ದೆ. ಈ ಸಲ ಗುಳಿಗೆ ಬೇಕಾಗಲೇ ಇಲ್ಲ. "ಅಪ್ಪನೇ ತಡದಾನ ನೋಡವಾ" ಅಂದರು ಅತ್ತೆ.

ಅಪ್ಪ ಒಂದು ವಾರ ತಡೆಯಬಹುದು. ಎರಡು ವಾರ ತಡೆಯಬಹುದು. ಏಪ್ರಿಲ್ ಅರ್ಧ ಕಳೆದರೂ ಬರದಿದ್ದಾಗ ಮನೆಯಲ್ಲಿ ಎಲ್ಲರ ಮುಖದಲ್ಲೂ ಬೇರೆ ನಗು. ಮೆಡಿಕಲ್‌ನಿಂದ ಗರ್ಭ ಪರೀಕ್ಷೆಯ ಪಟ್ಟಿ ತಂದೆ. ಒಂದೇ ಗೆರೆ. ಮೂರು ದಿನ ಬಿಟ್ಟು ಮತ್ತೊಂದು ತಂದೆ. ಮತ್ತೆ ಒಂದೇ ಗೆರೆ. ಬೆಳಕಿಗೆ ಹಿಡಿದು, ಓರೆ ಮಾಡಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಇಲ್ಲದ ಗೆರೆ ಎಲ್ಲಿಂದ ಬರಬೇಕು?

ನನಗೆ ಆಗ 32. ಮಗು ಬೇಕು ಅಂತ ನಾವು ಪ್ರಯತ್ನ ಶುರು ಮಾಡಿ ಒಂದೂವರೆ ವರ್ಷವಾಗಿತ್ತು. 35ರ ಒಳಗಿನವರು ಒಂದು ವರ್ಷ ನೋಡಿ ಡಾಕ್ಟರ ಹತ್ತಿರ ಹೋಗಬೇಕು, 35 ದಾಟಿದವರು ಆರೇ ತಿಂಗಳಿಗೆ ಹೋಗಬೇಕು, ಮುಟ್ಟೇ ಏರುಪೇರಾದವರು ಯಾವುದಕ್ಕೂ ಕಾಯಬಾರದು ಅನ್ನುತ್ತಾರೆ. ಇದು ಆಮೇಲೆ ಗೊತ್ತಾಗಿದ್ದು. ನಾನು ಸುಮ್ನೆ ಕಾದೆ. ಶಾಲೆ, ಪರೀಕ್ಷೆ, ಪೇಪರ್ ತಿದ್ದೋದು. ಕಲಬುರಗಿಯಿಂದ ಶಹಾಬಾದ್ ಕಡೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಮಾಸ್ತರಿಕೆ ನನ್ನದು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮೊದಲ ತುತ್ತು ಹನ್ನೊಂದಕ್ಕೆ. ಈ ಹನ್ನೊಂದು ಗಂಟೆಯ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಮೇ ತಿಂಗಳಲ್ಲಿ ಮೊದಲ ಡಾಕ್ಟರ ಹತ್ತಿರ ಹೋದೆವು. ಹೆಸರು ಬೇಡ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಐವತ್ತು ಹೆಂಗಸರು. ಸ್ಕ್ಯಾನ್‌ಗೆ ಹೊಟ್ಟೆ ತುಂಬಾ ನೀರು ಕುಡಿಯಿರಿ ಅಂದರು. ಒಂದು ಲೀಟರ್ ಬಾಟಲಿ ಖಾಲಿ ಮಾಡಿ ಕೂತೆ. ಸರದಿ ಬರಲಿಲ್ಲ. ಮೂತ್ರ ತಡೆಯೋಕಾಗದೆ ಕಾಲು ಕುಣಿಸುತ್ತಾ, "ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ" ಅನ್ನೋ ಬೋರ್ಡನ್ನ ಹತ್ತು ಸಲ ಓದಿದೆ. ಪಕ್ಕದಲ್ಲಿ ಕೂತಿದ್ದ ಅಫಜಲಪುರ ಕಡೆಯ ಅಜ್ಜಿ, "ಹೋಗಿ ಬಾ ತಂಗಿ, ಮತ್ತ ಕುಡದ್ರಾಯ್ತು" ಅಂದಳು. ಹೋಗಿ ಬಂದೆ. ಸರಿಯಾಗಿ ಆಗಲೇ ನನ್ನ ಹೆಸರು ಕೂಗಿದರು.

ಡಾಕ್ಟರು ಮೊದಲು ಕೇಳಿದ್ದು ಕೊನೆಯ ಮುಟ್ಟಿನ ತಾರೀಖು. ನಾನು ತಡವರಿಸಿದೆ. "ಫೆಬ್ರವರಿ... ಕೊನೇ ವಾರ ಇರಬೇಕ್ರೀ..." ಹಿಂದೆ ನಿಂತಿದ್ದ ಅತ್ತೆ, "ಹನ್ನೊಂದನೇ ತಾರೀಖರೀ. ಅದರ ಹಿಂದಿಂದು ಜನವರಿ ಮೂರು" ಅಂದರು.

ಎಷ್ಟು ಸಿಟ್ಟು ಬಂತೆಂದರೆ ತಿರುಗಿ ನೋಡಲಿಲ್ಲ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅತ್ತೆ ಹಾಲಿನ ಲೆಕ್ಕ ಬರೆಯುತ್ತಾರೆ, ಸಿಲಿಂಡರ್ ಹಚ್ಚಿದ ದಿನ ಬರೆಯುತ್ತಾರೆ. ತಿಂಗಳಿಗೊಂದು ಸಣ್ಣ ಸೊನ್ನೆಯೂ ಇರುತ್ತಿತ್ತು. ದೇವರ ಮನೆ ಕೆಲಸ ಯಾರ ಪಾಲಿಗೆ ಅನ್ನೋದಕ್ಕೆ ಅವರಿಗೆ ಆ ಲೆಕ್ಕ ಬೇಕು. ಆ ಸೊನ್ನೆ ನನ್ನದು ಅಂತ ಅಂದು ತಿಳಿಯಿತು. ನನ್ನ ತಾರೀಖು ಹಾಲು ಹಾಕುವ ಹುಡುಗನ ಲೆಕ್ಕದ ಪಕ್ಕ ಗೋಡೆ ಮೇಲೆ ನೇತಾಡುತ್ತಿತ್ತು, ನನ್ನ ಹತ್ತಿರ ಮಾತ್ರ ಇರಲಿಲ್ಲ.

ಸ್ಕ್ಯಾನ್ ರಿಪೋರ್ಟಿನಲ್ಲಿ ಅಂಡಾಶಯದ ಅಂಚಿಗೆ ಸಣ್ಣ ಸಣ್ಣ ನೀರುಗುಳ್ಳೆ ಜಾಸ್ತಿ ಇವೆ ಅಂತಿತ್ತು. "ಪಿಸಿಓಡಿ" ಅಂದರು ಡಾಕ್ಟರು. ಪಿಸಿಓಎಸ್ ಅಂತಲೂ ಅಂತಾರೆ, ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ. ಮೂರು ತಿಂಗಳಿಗೆ ಗರ್ಭನಿರೋಧಕ ಗುಳಿಗೆ ಬರೆದರು. ಮಗು ಬೇಕು ಅಂತ ಬಂದವಳಿಗೆ ಮಗು ಆಗದ ಗುಳಿಗೆ ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು. ಜೊತೆಗೆ ಅಚ್ಚು ಹಾಕಿಸಿದ ಒಂದು ಚೀಟಿ: ಸಿಹಿ ಬಿಡಿ, ನಡೆಯಿರಿ, ತೂಕ ಇಳಿಸಿ. ನಾನು 49 ಕಿಲೋ ಇದ್ದೆ. ಇನ್ನೂ ಇಳಿಸಿದರೆ ಸೀರೆ ನಿಲ್ಲುತ್ತಿರಲಿಲ್ಲ.

ಗುಳಿಗೆ ತಪ್ಪು ಅಂತಲ್ಲ, ಪಿಸಿಓಎಸ್ ನಿಜವಾಗಿ ಇದ್ದವರಿಗೂ ಅದನ್ನೇ ಕೊಡುತ್ತಾರೆ. ಆದರೆ ಸ್ಕ್ಯಾನ್‌ನಲ್ಲಿ ಗುಳ್ಳೆ ಕಂಡ ಮಾತ್ರಕ್ಕೆ ಆ ಹೆಸರು ಅಂಟಿಸುವಂತಿಲ್ಲ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಒಂದು ಅಳತೆ ಮಾಡಿದ್ದಾರೆ. ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿಯಾದ ಗುರುತು, ಸ್ಕ್ಯಾನ್‌ನಲ್ಲಿ ಗುಳ್ಳೆ, ಈ ಮೂರರಲ್ಲಿ ಎರಡು ಇರಬೇಕು. ನನಗೆ ಎರಡು ಇದ್ದವಲ್ಲಾ ಅನ್ನಬಹುದು. ಹೌದು. ಆದರೆ ಅದೇ ಅಳತೆಯಲ್ಲಿ ಇನ್ನೊಂದು ಮಾತೂ ಇದೆ: ಮುಟ್ಟು ತಪ್ಪಿಸುವ ಬೇರೆ ಕಾರಣ ಯಾವುದೂ ಇಲ್ಲ ಅಂತ ಮೊದಲು ನೋಡಿಕೊಳ್ಳಬೇಕು. ಥೈರಾಯ್ಡ್ ನೋಡಬೇಕು, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ನೋಡಬೇಕು. ನನಗೆ ರಕ್ತ ಪರೀಕ್ಷೆಯನ್ನೇ ಬರೆದಿರಲಿಲ್ಲ.

ಮೂರು ತಿಂಗಳು ಗಡಿಯಾರದ ಹಾಗೆ ಮುಟ್ಟು ಬಂತು. ಅತ್ತೆ ಸೊನ್ನೆ ಹಾಕಿದರು. ಗುಳಿಗೆ ಮುಗಿಯಿತು, ಮುಟ್ಟೂ ಮುಗಿಯಿತು. ಗುಳಿಗೆಯ ನಡುವೆ ಬಿಡುವು ಕೊಟ್ಟಾಗ ಬರುವ ರಕ್ತ ಅಂಡ ಬಿಡುಗಡೆ ಆಗಿದ್ದರ ಗುರುತಲ್ಲ, ಗುಳಿಗೆ ನಿಂತಿದ್ದರ ಗುರುತು. ಇದನ್ನ ಮೊದಲೇ ಯಾರಾದರೂ ಹೇಳಿದ್ದರೆ ಆ ಮೂರು ತಿಂಗಳು ಅಷ್ಟು ಆಸೆ ಇಟ್ಟುಕೊಳ್ಳುತ್ತಿರಲಿಲ್ಲ.

ಆಗಸ್ಟ್ ಹೊತ್ತಿಗೆ ಸುದ್ದಿ ಬಳಗಕ್ಕೆಲ್ಲಾ ಮುಟ್ಟಿತು. ಒಬ್ಬರು ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮಿಂದು ಬಾ ಅಂದರು. ಹೋಗಿ ಮಿಂದು ಬಂದೆವು, ಭೀಮಾ ನದಿ ತುಂಬಿ ಹರಿಯುತ್ತಿತ್ತು, ಅದಷ್ಟು ಚಂದ ಇತ್ತು. ಇನ್ನೊಬ್ಬರು ಸೊಲ್ಲಾಪುರಕ್ಕೆ ಹೋಗಿ, ಮತ್ತೊಬ್ಬರು ಹೈದರಾಬಾದಿಗೆ ಹೋಗಿ, ಸೀದಾ ಐವಿಎಫ್ ಮಾಡಿಸಿ ಅಂದರು. ನಮ್ಮ ಕಡೆ ಯಾವ ಕಾಯಿಲೆ ಬಂದರೂ ರೈಲು ಹತ್ತುವುದೊಂದು ರೂಢಿ. ನನ್ನ ತವರಿನವರು ಮಾತಾಡಲಿಲ್ಲ, ಫೋನಿನಲ್ಲಿ ಅವ್ವ ಅತ್ತಳು ಅಷ್ಟೇ.

ನನ್ನ ಗಂಡ ಈ ಗದ್ದಲದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ. ಯಾರೂ ಹೇಳದೆ ತಾನೇ ಹೋಗಿ ತನ್ನ ಪರೀಕ್ಷೆ ಮಾಡಿಸಿಕೊಂಡು ಬಂದ. ಎರಡರಿಂದ ಏಳು ದಿನ ದೂರ ಇದ್ದು ಮಾದರಿ ಕೊಡಬೇಕು, ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಡಬ್ಬಿಯನ್ನ ಅಂಗಿಯೊಳಗೆ ಇಟ್ಟುಕೊಂಡು ಜಗತ್ ಸರ್ಕಲ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದನಂತೆ. "ಪಿಯುಸಿ ರಿಸಲ್ಟಿಗೂ ಇಷ್ಟ್ ಹೆದರಿದ್ದಿಲ್ಲ" ಅಂದ. ಒಂದು ಎಂಎಲ್‌ಗೆ 1 ಕೋಟಿ 60 ಲಕ್ಷ ವೀರ್ಯಾಣು ಕನಿಷ್ಠ ಅಂತ ಲೆಕ್ಕ. ಅವನದು ನಾಲ್ಕು ಕೋಟಿಯ ಮೇಲಿತ್ತು. ಅವನಿಗೆ ಸಮಾಧಾನ. ನನಗೆ? ನಿಜ ಹೇಳಬೇಕೆಂದರೆ ಆ ರಾತ್ರಿ ಸ್ವಲ್ಪ ಹೊಟ್ಟೆಕಿಚ್ಚು ಬಂತು. ಹಂಗಾದರೆ ದೋಷ ನನ್ನದೇ ಅಂತಾಯಿತಲ್ಲ.

ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಜುಲೈನಲ್ಲಿ ಒಂದು ದಿನ ಸ್ನಾನ ಮಾಡುವಾಗ ಎದೆಯ ತೊಟ್ಟಿನಲ್ಲಿ ಬೆಳ್ಳಗೆ ಒಂದು ಹನಿ ಕಂಡಿತ್ತು. ಒರೆಸಿದೆ. ಒಂದು ವಾರ ಬಿಟ್ಟು ಬ್ಲೌಸಿನ ಒಳಗೆ ಎಂಟಾಣೆ ಅಗಲದ ಕಲೆ, ಒಣಗಿ ಗಂಜಿ ಹಾಕಿದ ಬಟ್ಟೆ ಥರ ಗಟ್ಟಿಯಾಗಿತ್ತು. ಕ್ಯಾನ್ಸರ್ ಅಂದುಕೊಂಡೆ. ಯಾರಿಗೆ ಹೇಳೋದು? ಮಗುವಿಲ್ಲದವಳ ಎದೆಯಲ್ಲಿ ಹಾಲು ಅಂದರೆ ಜನ ಏನು ಕಥೆ ಕಟ್ಟುತ್ತಾರೋ ಅಂತ ಬ್ಲೌಸನ್ನ ಕದ್ದು ಒಗೆದು, ಟೆರೇಸಿನ ಮೂಲೆಯಲ್ಲಿ ಒಣಗಿಸಿದೆ.

ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಹೆಡ್ ಮೇಡಂ ಇನ್ನೊಬ್ಬ ಡಾಕ್ಟರ ಹೆಸರು ಹೇಳಿದರು. ವಯಸ್ಸಾದ ಹೆಂಗಸು, ಸರ್ಕಾರಿ ಕೆಲಸದಿಂದ ನಿವೃತ್ತಿಯಾಗಿ ಮನೆಯ ಮುಂದಿನ ಕೋಣೆಯಲ್ಲೇ ನೋಡುತ್ತಾರೆ. ಈ ಸಲ ಗೋಡೆಯ ಕ್ಯಾಲೆಂಡರನ್ನ, ಅದರ ಹಿಂದಿದ್ದ ಹಳೇ ವರ್ಷದ್ದರ ಸಮೇತ, ಮೊಳೆಯಿಂದ ತೆಗೆದು ಸುತ್ತಿಕೊಂಡು ಹೋಗಿದ್ದೆ. ಅವರು ಟೇಬಲ್ ಮೇಲೆ ಹರಡಿ, ಪೆನ್ಸಿಲ್ಲಿನಿಂದ ಎಣಿಸಿದರು. ಹೋದ ದೀಪಾವಳಿಯ ತನಕ 28, 30, 29. ಆಮೇಲೆ 35. ಆಮೇಲೆ 39. ಆಮೇಲೆ ಗುಳಿಗೆಯ ಮೂರು ಸೊನ್ನೆ ಬಿಟ್ಟರೆ ಬೇರೆ ಸೊನ್ನೆಯೇ ಇಲ್ಲ. "ಯಾರವಾ ಈ ಲೆಕ್ಕ ಬರದಾಕಿ?" ಅಂದರು. ಅತ್ತೆ ಸೆರಗು ಸರಿ ಮಾಡಿಕೊಂಡರು.

ಒಂದು ಸುತ್ತಿನಿಂದ ಇನ್ನೊಂದಕ್ಕೆ 21ರಿಂದ 35 ದಿನ ಇದ್ದರೆ ಸಹಜ. ಮೊದಲ ದಿನವೆಂದರೆ ರಕ್ತ ಕಂಡ ದಿನ, ತಲೆಗೆ ನೀರು ಹಾಕಿಕೊಂಡ ದಿನವಲ್ಲ. ನಾನು ಇಷ್ಟು ವರ್ಷ ನಾಲ್ಕನೇ ದಿನದಿಂದ ಎಣಿಸುತ್ತಿದ್ದೆ, ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ.

ಆಮೇಲೆ ಅತ್ತೆಯನ್ನ ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಕೇಳಿದರು. ಕೂದಲು ಉದುರುತ್ತಾ, ಗದ್ದದ ಮೇಲೆ ಕೂದಲು ಬರುತ್ತಾ, ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಪಕ್ಕದಿಂದ ಬರೋರು ಕಾಣಿಸ್ತಾರಾ. ಆಮೇಲೆ ಮೆಲ್ಲಗೆ, "ಎದಿಯಿಂದ ಹಾಲಿನಂಥಾದ್ದು ಏನರೆ ಬರ್ತದೇನವಾ?"

ಅತ್ತುಬಿಟ್ಟೆ. ಅವರು ನನ್ನ ಮುಂದೆ ಒಂದು ಲೋಟ ನೀರು ಸರಿಸಿ, ಅಳು ನಿಲ್ಲುವ ತನಕ ಕ್ಯಾಲೆಂಡರನ್ನೇ ನೋಡುತ್ತಾ ಕೂತರು.

"ಮತ್ತ ಯಾವುದರೆ ಗುಳಿಗಿ ತಗೋತೀ ಏನು?"

"ಇಲ್ರೀ ಮೇಡಂ. ಯಾವುದೂ ಇಲ್ಲ."

ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್, ಸಕ್ಕರೆ, ಅಂಡಾಶಯದ ಸ್ಥಿತಿ ಹೇಳುವ ಎಎಂಎಚ್, ಎಫ್‌ಎಸ್‌ಎಚ್, ಆಮೇಲೆ ಪ್ರೊಲ್ಯಾಕ್ಟಿನ್. ಕೊನೆಯದಕ್ಕೆ ಒಂದು ಎಚ್ಚರಿಕೆ ಕೊಟ್ಟರು. ಎದ್ದು ಎರಡು ಮೂರು ಗಂಟೆ ಆದ ಮೇಲೆ ಹೋಗು, ಓಡಿಕೊಂಡು ಹೋಗಬೇಡ, ಹೋಗಿ ಅರ್ಧ ಗಂಟೆ ಸುಮ್ನೆ ಕೂತು ಆಮೇಲೆ ಚುಚ್ಚಿಸಿಕೋ. ಗಾಬರಿಗೂ ಅದು ಏರುತ್ತದಂತೆ. ಗಾಬರಿ ಆಗಬೇಡ ಅಂದರೆ ಗಾಬರಿ ಆಗದೆ ಇರುತ್ತಾ?

ಎಲ್ಲಾ ಸರಿ ಇತ್ತು, ಪ್ರೊಲ್ಯಾಕ್ಟಿನ್ ಒಂದು ಬಿಟ್ಟು. 25ರ ಒಳಗೆ ಇರಬೇಕಾದದ್ದು 86. ಬಸುರಿ ಅಲ್ಲ ಅಂತ ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಮಾಡಿಸಿದರು, 81. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ, ಪಿಟ್ಯುಟರಿ ಅಂತಾರೆ, ಅದರಲ್ಲಿ ಸಣ್ಣ ಗಡ್ಡೆ ಇದ್ದರೂ ಹೀಗಾಗುತ್ತದೆ, ಎಂಆರ್‌ಐ ಬೇಕಾಗಬಹುದು, ಬಹಳ ಸಲ ಗುಳಿಗೆಯಲ್ಲೇ ಕರಗುತ್ತದೆ ಅಂತ ವಿವರಿಸಿದರು. ಗಡ್ಡೆ ಅನ್ನೋ ಪದ ಕೇಳಿದ ಮೇಲೆ ಉಳಿದಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಎದ್ದು ನಿಂತಿದ್ದೆ. ಅವರು ಕೂರು ಅಂದರು.

"ಪರ್ಸ್ ತೆಗಿ."

ಫೀಸ್ ಕೇಳ್ತಿದ್ದಾರೆ ಅಂದುಕೊಂಡು ದುಡ್ಡು ತೆಗೆದೆ. "ರೊಕ್ಕ ಅಲ್ಲವಾ. ಪರ್ಸಿನಾಗ ಏನೇನ್ ಗುಳಿಗಿ ಅದಾವ, ಎಲ್ಲಾ ಟೇಬಲ್ ಮ್ಯಾಲ ಇಡು."

ಸೇಫ್ಟಿ ಪಿನ್ನು, ಬಸ್ ಪಾಸ್, ಸೀಮೆಸುಣ್ಣದ ತುಂಡು, ತಲೆನೋವಿನ ಎರಡು ಗುಳಿಗೆ. ಮತ್ತೆ ಅರ್ಧ ಖಾಲಿಯಾದ ಒಂದು ಪಟ್ಟಿ.

"ಇದೇನು?"

"ಅದು ಗ್ಯಾಸಿಂದರೀ. ಗುಳಗಿ ಅಲ್ಲ."

ಡಾಕ್ಟರು ನಕ್ಕರು. ಹಣೆಯ ಮೇಲಿದ್ದ ಕನ್ನಡಕ ಇಳಿಸಿ ಪಟ್ಟಿಯ ಬೆನ್ನು ಓದಿದರು. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಡೊಂಪೆರಿಡೋನ್ 30 ಮಿಲಿಗ್ರಾಂ. ಎಷ್ಟು ದಿನದಿಂದ ಅಂದರು. ಅದರ ಹಿಂದಿನ ವರ್ಷದ ದೀಪಾವಳಿಗೆ ಎದೆ ಉರಿ ಬಂದಾಗ ಒಬ್ಬರು ಐದು ದಿನಕ್ಕೆ ಬರೆದುಕೊಟ್ಟಿದ್ದರು. ಐದು ದಿನ ಮುಗಿದ ಮೇಲೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ, ಬಸ್ಸು, ಹನ್ನೊಂದಕ್ಕೆ ಖಾರ ಹಿಂಡಿ ಹಚ್ಚಿದ ರೊಟ್ಟಿ, ಮತ್ತೆ ಉರಿ. ಮೆಡಿಕಲ್‌ನವನು ಚೀಟಿ ಕೇಳುತ್ತಿರಲಿಲ್ಲ, ನನ್ನ ಮುಖ ಕಂಡರೆ ಪಟ್ಟಿ ತೆಗೆದಿಡುತ್ತಿದ್ದ. ಹತ್ತು ತಿಂಗಳು, ದಿನಕ್ಕೊಂದು.

ಡೊಂಪೆರಿಡೋನ್ ವಾಂತಿ, ಹೊಟ್ಟೆ ಉಬ್ಬರಕ್ಕೆ ಕೊಡುವ ಔಷಧಿ. ಪ್ರೊಲ್ಯಾಕ್ಟಿನ್ ಏರದಂತೆ ದೇಹದಲ್ಲಿ ಡೋಪಮಿನ್ ಅನ್ನೋದು ಲಗಾಮು ಹಿಡಿದಿರುತ್ತದೆ. ಈ ಔಷಧಿ ಆ ಲಗಾಮನ್ನೇ ಸಡಿಲಿಸುತ್ತದೆ. ಪ್ರೊಲ್ಯಾಕ್ಟಿನ್ ಅಂದರೆ ಹಾಲೂಡಿಸುವ ತಾಯಿಯ ಹಾರ್ಮೋನು. ಅದು ಏರಿತೆಂದರೆ ಅಂಡ ಬೆಳೆಸುವ ಹಾರ್ಮೋನುಗಳು ಕುಗ್ಗುತ್ತವೆ. ಕೂಸು ಮೊಲೆ ಕುಡಿಯುವಷ್ಟು ದಿನ ಹೊರಗಾಗೋದಿಲ್ಲ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದೇ. ನನ್ನ ದೇಹ ಹತ್ತು ತಿಂಗಳು ಇಲ್ಲದ ಕೂಸಿಗೆ ಹಾಲು ತಯಾರು ಮಾಡುತ್ತಾ ಕೂತಿತ್ತು.

ಈ ಔಷಧಿಯನ್ನ ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಕೊಡಬೇಡಿ ಅಂತ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಹೇಳಿದೆಯಂತೆ, ಅದೂ ಹೃದಯದ ಬಡಿತ ಏರುಪೇರಾಗುವ ಭಯಕ್ಕೆ. ಮೆಡಿಕಲ್‌ನವನನ್ನ ಬೈಯಲೋ ನನ್ನನ್ನೇ ಬೈದುಕೊಳ್ಳಲೋ? ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಅನ್ನೋ ಕೆಂಪು ಗೆರೆ ಪಟ್ಟಿಯ ಮೇಲೆ ಇತ್ತು. ದಿನಾ ಮಕ್ಕಳಿಗೆ ಪಾಠದ ಕೆಳಗಿನ ಟಿಪ್ಪಣಿ ಓದಿ ಅಂತ ಗದರುವವಳು ನಾನು.

ಎಂಆರ್‌ಐ ಆಮೇಲೆ ನೋಡೋಣ, ಮೊದಲು ಇದನ್ನ ಬಿಡು ಅಂದರು. ಉರಿ ತಡೆಯದಿದ್ದರೆ ಎರಡು ವಾರ ಬರೀ ಪ್ಯಾಂಟೊಪ್ರಜೋಲ್, ಜೊತೆಗೆ ಬೇರೆ ಏನೂ ಸೇರಿರಬಾರದು. ಆ ಎರಡು ವಾರ ಕಷ್ಟ ಇತ್ತು. ರಾತ್ರಿ ಗಂಟಲ ತನಕ ಹುಳಿ ಬರುತ್ತಿತ್ತು. ಅತ್ತೆ ಐದಕ್ಕೇ ಎದ್ದು ಎರಡು ಬಿಸಿ ರೊಟ್ಟಿ, ತೊಗರಿಬೇಳೆ ತೊವ್ವೆ ಮಾಡಿ, ತಿನ್ನದೆ ಬಾಗಿಲು ದಾಟಬೇಡ ಅಂತ ಅಡ್ಡ ನಿಲ್ಲುತ್ತಿದ್ದರು. ಹತ್ತನೇ ದಿನ ಮತ್ತೆ ರಕ್ತ ಕೊಟ್ಟೆ.

ಪ್ರೊಲ್ಯಾಕ್ಟಿನ್ 16.

ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಆ ಹಾಳೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಇಳಿಯದೆ ಇದ್ದಿದ್ದರೆ ಎಂಆರ್‌ಐ ಬಿಡುವಂತಿರಲಿಲ್ಲ. ಎಲ್ಲರಿಗೂ ಕಾರಣ ಇಷ್ಟು ಸುಲಭದ್ದಾಗಿರುವುದಿಲ್ಲ ಅಂತ ಡಾಕ್ಟರೇ ಹೇಳಿದರು. ಇನ್ನೊಂದು ಮಾತೂ ಹೇಳಿದರು: ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಔಷಧಿಯಿಂದಲೂ ಇದು ಏರುತ್ತದೆ, ಅಂಥದ್ದನ್ನ ಕೇಳದೆ ತಾವೇ ನಿಲ್ಲಿಸಿ ಕೂತವರನ್ನ ನೋಡಿದ್ದೀನಿ, ಅದು ಇನ್ನೂ ದೊಡ್ಡ ತಾಪತ್ರಯ.

ಗುಳಿಗೆ ಬಿಟ್ಟ 33ನೇ ದಿನ, ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುವಾಗ ಸೊಂಟದಲ್ಲಿ ಹಳೆಯ ನೋವು ಎದ್ದಿತು. ಆ ನೋವನ್ನ ಬೈಯದೆ ಸ್ವಾಗತಿಸಿದ್ದು ಜೀವನದಲ್ಲಿ ಅದೊಂದೇ ಸಲ. ಪರ್ಸಿನಲ್ಲಿ ಪ್ಯಾಡ್ ಇರಲಿಲ್ಲ. ಇಡುವ ರೂಢಿಯೇ ತಪ್ಪಿತ್ತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಹತ್ತಿರ ಕೇಳಿ ತಗೊಂಡೆ. ಆಕೆ ಕೊಟ್ಟ ಠೀವಿ ನೋಡಬೇಕಿತ್ತು, ಬಾಯೋರಿಗೇ ಸಾಲ ಕೊಟ್ಟವಳ ಹಾಗೆ.

ಮುಂದಿನ ತಿಂಗಳು ಸ್ಕ್ಯಾನ್‌ನಲ್ಲಿ ಅಂಡ ಬೆಳೆಯುವುದನ್ನ ನೋಡಿದರು. ಇದಕ್ಕೆ ಹೊಟ್ಟೆ ತುಂಬಾ ನೀರು ಬೇಕಿಲ್ಲ, ಒಳಗಿನಿಂದಲೇ ಮಾಡುತ್ತಾರೆ, ಮೊದಲ ಸಲ ಮುಜುಗರ, ಎರಡನೇ ಸಲ ಅಭ್ಯಾಸ. 11ನೇ ದಿನ ಗುಳ್ಳೆ 13 ಮಿಲಿಮೀಟರ್, 14ನೇ ದಿನ 19, 16ನೇ ದಿನ ಒಡೆದಿತ್ತು. ಯಾವ ಔಷಧಿಯೂ ಇಲ್ಲದೆ, ತಾನಾಗಿಯೇ. ಈಗ ನಡೆಯುತ್ತಿರುವುದು ಫೋಲಿಕ್ ಆಸಿಡ್ ಒಂದೇ. ಇನ್ನೂ ಮಗು ನಿಂತಿಲ್ಲ. ಐದಾರು ತಿಂಗಳು ನೋಡಿ, ಆಗದಿದ್ದರೆ ಗರ್ಭನಾಳ ತೆರೆದಿದೆಯಾ ಅಂತ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯೋಣ ಅಂದಿದ್ದಾರೆ.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಆಳೆತ್ತರದ ಬಿಳಿಜೋಳ, ಅಂಚಿಗೆ ತೊಗರಿ. ಬೆಳೆ ಹೊತ್ತ ಭೂಮಿತಾಯಿಗೆ ಬಯಕೆ ಊಟ ಅಂತ ಚರಗ ಚೆಲ್ಲುವಾಗ ಒಂದಿಬ್ಬರು ಹೆಂಗಸರು ನನ್ನ ಹೊಟ್ಟೆಯ ಕಡೆ ನೋಡಿದರು. ನೋಡಲಿ ಬಿಡು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಹೊಟ್ಟೆ ಬಿರಿಯುವಷ್ಟು ಉಂಡು ಬೇವಿನ ಮರದ ಕೆಳಗೆ ಕೂತೆವು. ಅತ್ತೆ ಒಂದು ದೊಡ್ಡ ತೇಗು ಬಿಟ್ಟು, ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದರು. ಅದರ ಹಿಂದೆಯೇ ಒಂದು ಪಟ್ಟಿ ಹೊರಬಂತು.

"ಅತ್ತೀ, ಅದೇನು?"

"ಏ, ಇದು ಗ್ಯಾಸಿಂದವಾ."

ಕೈಯಿಂದ ಇಸಿದುಕೊಂಡು ಬೆನ್ನು ಓದಿದೆ. ಪ್ಯಾಂಟೊಪ್ರಜೋಲ್ 40, ಡೊಂಪೆರಿಡೋನ್ 30. ಅತ್ತೆಗೆ 66 ವರ್ಷ, ಬಿಪಿ ಬೇರೆ ಇದೆ. ಎಷ್ಟು ದಿನದಿಂದ ತಗೋತಿದ್ದೀರಿ ಅಂದೆ. ನನ್ನ ಮುಟ್ಟನ್ನ ತಾರೀಖಿನ ಸಮೇತ ಇಟ್ಟಿದ್ದ ಹೆಂಗಸು ಮೇಲೆ ಬೇವಿನ ಕೊಂಬೆ ನೋಡಿದರು.

"ಯಾರಿಗೆ ನೆಪ್ಪದವಾ. ನೀ ತರಾಕತ್ತಿದ್ದಿ ಅಲ್ಲ, ನಾನೂ ಹಂಗೇ ಒಂದೊಂದು..."

ಪಟ್ಟಿ ನನ್ನ ಪರ್ಸಿಗೆ ಹಾಕಿಕೊಂಡೆ. ಬರುವ ಸೋಮವಾರ ಅವರನ್ನ ಕರೆದುಕೊಂಡು ಡಾಕ್ಟರ ಹತ್ತಿರ ಹೋಗುವುದಿದೆ.